ಇವೋನ್ ಶಾಲೆಗೆ ಹೋಗದ ಚಳಿಗಾಲ

ಡಿಯೊಲಿಂಡಾ ಮುದುಕಿಯನ್ನು ಆಸ್ಪತ್ರೆಯಿಂದ ಮನೆಗೆ ತಂದ ಸಂಜೆಯೇ ಜಗಳ ಶುರುವಾಯಿತು. ನವೆಂಬರಿನಲ್ಲಿ ಹಿತ್ತಿಲ ಮೆಟ್ಟಿಲ ಮೇಲೆ ಜಾರಿ ಸೊಂಟ ಮುರಿದುಕೊಂಡಿದ್ದಳು. ಡಾಕ್ಟರು ಮೂಳೆ ಕೂಡಿಸಿ, ಒಬ್ಬಳೇ ಏಳಬಾರದು, ಒಬ್ಬಳನ್ನೇ ಬಿಟ್ಟು ಹೋಗಲೂಬಾರದು ಎಂದು ಹೇಳಿ ಕಳಿಸಿದ್ದರು. ಮಗ ಗ್ವಾಲ್ಟರ್ ಮುಂದಿನ ಕೋಣೆಯ ಸೋಫಾವನ್ನು ಗೋಡೆಗೆ ಒತ್ತಿ ಅಲ್ಲೇ ಅವಳ ಮಂಚ ಹಾಕಿದ. ಅಲ್ಲಿಗೆ ತನ್ನ ಕೆಲಸ ಮುಗಿಯಿತು ಎಂಬಂತೆ ಅಡುಗೆಮನೆಗೆ ಬಂದು ಊಟಕ್ಕೆ ಕೂತ.

ಅವನ ಹೆಂಡತಿ ಜುಲ್ಮೀರಾ ಸೊಪ್ಪಿನ ಸೂಪು ಬಡಿಸುತ್ತಿದ್ದಳು. ನಮ್ಮ ಬಂದರಿನ ಮೀನು ಕೊಯ್ಯುವ ಕಾರ್ಖಾನೆಯಲ್ಲಿ ಅವಳದು ಮುಂಜಾನೆಯ ಪಾಳಿ. ಕತ್ತಲಿರುವಾಗಲೇ ಹೋದರೆ ಮಧ್ಯಾಹ್ನ ಕಳೆದು ಬರುವಳು.

"ಬೆಳಿಗ್ಗೆ ಹೊತ್ತು ಅತ್ತೆ ಹತ್ರ ಯಾರಾದ್ರೂ ಇರ್ಬೇಕಲ್ಲ. ಇವೋನ್ ಇರ್ಲಿ," ಎಂದಳು.

ಇವೋನ್‌ಗೆ ಹದಿನಾರು, ನಾಲ್ಕು ವರ್ಷದ ಹೈಸ್ಕೂಲಿನಲ್ಲಿ ಮೂರನೇ ವರ್ಷ. ಬಾಯಿಗೆ ಹೋಗುತ್ತಿದ್ದ ಚಮಚವನ್ನು ತಟ್ಟೆಗೆ ಬಿಟ್ಟಳು.

"ಇವೋನ್ ಇರ್ಲಿ ಅಂದ್ರೆ? ನಂಗೇನು ಸ್ಕೂಲಿಲ್ವಾ?"

"ಕ್ರಿಸ್‌ಮಸ್ ತನಕ ಅಷ್ಟೇ."

"ಡೇಲಿಯೊ ಇರ್ಲಿ."

"ಅವ್ನು ಗಂಡು ಹುಡುಗ ಕಣೇ. ಅಜ್ಜಿಗೆ ಮೈ ತೊಳೆಸ್ತಾನಾ? ಬೆಡ್‌ಪ್ಯಾನ್ ಇಡ್ತಾನಾ? ಅದೂ ಅಲ್ದೆ ಈ ವರ್ಷ ಪಾಸಾಗಿ ಹೊರಗೆ ಬರೋನು. ನಿಮ್ಮಪ್ಪನ ಕಡೆ, ನನ್ನ ಕಡೆ, ಎರಡೂ ಕಡೆ ಹುಡುಕು. ಹೈಸ್ಕೂಲು ಮುಗಿಸಿದೋರು ಒಬ್ರಾದ್ರೂ ಇದಾರಾ? ಅವನ ಓದಿಗೆ ಕಲ್ಲು ಹಾಕ್ಬೇಡ."

"ನನ್ ಓದಿಗೆ ಹಾಕ್ಬಹುದಾ?"

"ನಿನ್ನ ಲೆಕ್ಕದ ಮಾರ್ಕು ನೋಡಿದ್ರೆ ಕಲ್ಲು ಆಗ್ಲೇ ಬಿದ್ದಿದೆ," ಎಂದು ಗ್ವಾಲ್ಟರ್ ತನ್ನ ಮಾತಿಗೆ ತಾನೇ ನಕ್ಕ.

ಅಣ್ಣ ಡೇಲಿಯೊ ಮಾತಾಡಲಿಲ್ಲ. ಅವನಿಗೆ ಹದಿನೆಂಟು. ಒಂದು ವರ್ಷ ಆಗಲೇ ಫೇಲಾಗಿದ್ದ. ಬ್ರೆಡ್ಡನ್ನು ಸೂಪಿನಲ್ಲಿ ಅದ್ದಿ ಅದ್ದಿ ಅದು ಮುದ್ದೆಯಾಗುವವರೆಗೂ ತಟ್ಟೆಯನ್ನೇ ನೋಡುತ್ತಿದ್ದ.

"ನೀನಾದ್ರೂ ಬಾಯಿ ಬಿಡೋ," ಎಂದಳು ಇವೋನ್.

"ನಂಗೇನು ಗೊತ್ತು? ಅಮ್ಮ ಹೇಳಿದ್ಹಂಗೆ," ಎಂದು ಅವನು ಎದ್ದು ಹೋದ.

ಒಳಗಿನಿಂದ ಮುದುಕಿ ಕೂಗಿದಳು. "ಹುಡುಗಿಗೆ ಓದು ಯಾತಕ್ಕೆ? ನಾನು ಓದಿಲ್ಲ, ಸತ್ತಿದೀನಾ?"

"ಸಾಯೋದಕ್ಕೆ ತಾನೇ ಮೆಟ್ಟಿಲು ಹತ್ತಿದ್ದು!" ಎಂದು ಇವೋನ್ ತಿರುಗಿಸಿ ಕೂಗಿದಳು. ಜುಲ್ಮೀರಾ ಕೈಯಲ್ಲಿದ್ದ ಸೌಟಿನಿಂದಲೇ ಅವಳ ಭುಜಕ್ಕೆ ಒಂದು ಹಾಕಿದಳು.

ಮಾರನೆಯ ದಿನದಿಂದ ಇವೋನ್ ಶಾಲೆಗೆ ಹೋಗಲಿಲ್ಲ.

ದ್ವೀಪ ಬಿಟ್ಟು ಈ ಇಂಗ್ಲಿಷ್ ಮಾತಿನ ದೇಶಕ್ಕೆ ಬಂದ ನಮ್ಮ ಜನ ಅಜ್ಜಿಯನ್ನು ವವೊ ಎನ್ನುತ್ತಾರೆ. ಇವೋನ್ ಆ ಪದವನ್ನು ದಿನಕ್ಕೆ ಎಷ್ಟು ಸಲ ಕೇಳಿಸಿಕೊಳ್ಳುತ್ತಿದ್ದಳೋ ಅಷ್ಟು ಸಲ ಹಲ್ಲು ಕಡಿಯುತ್ತಿದ್ದಳು, ಏಕೆಂದರೆ ಮುದುಕಿ ತನ್ನನ್ನು ತಾನೇ ಹಾಗೆ ಕರೆದುಕೊಳ್ಳುತ್ತಿದ್ದಳು. ವವೊಗೆ ನೀರು. ವವೊಗೆ ಚಳಿ. ವವೊನ ಆ ಕಡೆ ಹೊರಳಿಸು. ಬೆಳಿಗ್ಗೆ ಹಾಸಿಗೆ ಬಟ್ಟೆ ಬದಲಿಸಬೇಕು, ಮೈ ಒರೆಸಬೇಕು, ಕಾಲಿಗೆ ಎಣ್ಣೆ ತಿಕ್ಕಬೇಕು. ಆಮೇಲೆ ಅಡುಗೆ, ಪಾತ್ರೆ, ಬಟ್ಟೆ. ಆಸ್ಪತ್ರೆಯವರು ವಾರಕ್ಕೊಮ್ಮೆ ಕಳಿಸುತ್ತಿದ್ದ ನರ್ಸು ಬಂದು, ಕಾಲು ಮಡಿಸಿ ನೋಡಿ, ಚೆನ್ನಾಗಿ ನೋಡಿಕೊಳ್ಳುತ್ತಿದ್ದೀಯ ಎಂದು ಹೇಳಿ ಹೋಗುತ್ತಿದ್ದಳು.

"ಸೂಪಿಗೆ ಉಪ್ಪಿಲ್ಲ."

"ಡಾಕ್ಟರು ಉಪ್ಪು ಬೇಡ ಅಂದಿದಾರೆ ವವೊ."

"ಡಾಕ್ಟರ ಮೇಲೆ ಯಾಕೆ ಹಾಕ್ತೀಯ? ನಿನ್ ಕೈಲಿ ರುಚಿ ಇಲ್ಲ ಅನ್ನು."

"ಇಷ್ಟ ಇದ್ರೆ ತಿನ್ನು, ಇಲ್ದಿದ್ರೆ ಬಾಯಿ ಮುಚ್ಚು."

"ಮುಚ್ಚಿದ್ರೆ ಸೂಪು ಎಲ್ಲಿಗೆ ಸುರೀತೀಯ, ಕತ್ತೆ? ಕಿವಿಗಾ?"

ಡಿಸೆಂಬರಿನಲ್ಲಿ ನೆಲ ಹೆಪ್ಪುಗಟ್ಟಿತು. ಗ್ವಾಲ್ಟರ್ ಗಾರೆ ಕೆಲಸದವನು. ಆ ಚಳಿಯಲ್ಲಿ ಸಿಮೆಂಟು ಕೂರುವುದಿಲ್ಲ, ಹಾಗಾಗಿ ಮಾರ್ಚ್ ಕಳೆಯುವವರೆಗೆ ಕೆಲಸವಿಲ್ಲ. ಸರ್ಕಾರದ ನಿರುದ್ಯೋಗ ಭತ್ಯೆ ಬರುತ್ತಿತ್ತು. ತಡವಾಗಿ ಎದ್ದು, ಕಾಫಿ ಕುಡಿದು, ಗಡ್ಡ ಹೆರೆದು, ನಮ್ಮ ದ್ವೀಪದವರ ಕ್ಲಬ್ಬಿಗೆ ಹೋಗಿ ಇಸ್ಪೀಟಿಗೆ ಕೂರುತ್ತಿದ್ದ. ಊಟದ ಹೊತ್ತಿಗೆ ಬರುತ್ತಿದ್ದ. ಉಂಡು, ತಾಯಿಯ ಕೋಣೆಯ ಬಾಗಿಲಲ್ಲಿ ನಿಂತು, "ಹೇಗಿದೀಯಮ್ಮ?" ಎನ್ನುತ್ತಿದ್ದ. "ಇದೀನಪ್ಪ," ಎನ್ನುತ್ತಿದ್ದಳು ಅವಳು, ಇಡೀ ಬೆಳಿಗ್ಗೆ ಬೈದ ಬಾಯಲ್ಲಿ ಜೇನು ಸುರಿಸುತ್ತ. ಅವನು ಮತ್ತೆ ಕ್ಲಬ್ಬಿಗೆ.

ಶಾಲೆಯ ಹಾಜರಿ ವಿಭಾಗದಿಂದ ಫೋನು ಬರುತ್ತಿತ್ತು. ಅಲ್ಲಿದ್ದ ಹೆಂಗಸು ನಮ್ಮವಳೇ, ನಮ್ಮ ಮಾತೇ ಆಡುತ್ತಿದ್ದಳು.

"ಜ್ವರ," ಎನ್ನುತ್ತಿದ್ದಳು ಇವೋನ್, ಅಮ್ಮ ಹೇಳಿಕೊಟ್ಟಿದ್ದಂತೆ.

"ಎಷ್ಟು ದಿನದ ಜ್ವರ ಮಗಳೇ ಅದು? ನೋಡು, ನಂಗೆ ಮನೆ ಕಥೆಗಳು ಗೊತ್ತು. ಆದ್ರೆ ಇಲ್ಲಿ ಬೇರೆ ಲೆಕ್ಕ ಇದೆ. ಒಟ್ಟಿಗೆ ಸೇರಿದೋರಲ್ಲಿ ನಾಲ್ಕು ವರ್ಷದಲ್ಲಿ ನೂರಕ್ಕೆ ಎಷ್ಟು ಜನ ಮುಗಿಸಿದ್ರು ಅಂತ ಪ್ರತಿ ವರ್ಷ ಪೇಪರಲ್ಲಿ ಹಾಕ್ತಾರೆ. ಹಿಂದೆ ಬಿದ್ದೋರು ಇವರಿಗೆ ಕಣ್ಣಲ್ಲಿ ಕಸ. ಬೇರೆ ಕಡೆ ತಳ್ಳಿ ತಮ್ಮ ಲೆಕ್ಕದಿಂದ ಇಳಿಸೋಕೆ ನೋಡ್ತಾರೆ. ಹುಷಾರು."

ಇವೋನ್ ಅದನ್ನು ಅಮ್ಮನಿಗೆ ಹೇಳಿದಳು. "ಕ್ರಿಸ್‌ಮಸ್ ಆಯ್ತಲ್ಲ ಅಮ್ಮ."

"ಜನವರಿ ಕಳೀಲಿ. ಅಷ್ಟರಲ್ಲಿ ಅಜ್ಜಿ ಕೋಲು ಹಿಡಿದು ನಡೀತಾಳೆ."

"ಅವಳು ನಡೀತಾಳಾ? ರಾಣಿ ಥರ ಮಲಗಿದಾಳೆ!"

"ನಾನು ದಿನಾ ಐಸ್ ನೀರಲ್ಲಿ ಕೈ ಇಟ್ಕೊಂಡು ಮೀನು ಕೊಯ್ದು ಬರ್ತೀನಿ. ನಂಗೆ ಇನ್ನೂ ಕೊಯ್ಯೋಕೆ ಬರಬೇಡ," ಎಂದಳು ಜುಲ್ಮೀರಾ.

ಪ್ರತಿ ದಿನ ಮನೆ ಬಿಡುವ ಮುಂಚೆ ಅವಳು ಡೇಲಿಯೊಗೆ ಬ್ರೆಡ್ಡಿನೊಳಗೆ ಮೊಟ್ಟೆ, ಸಾಸೇಜು ಇಟ್ಟು ಕಟ್ಟಿಡುತ್ತಿದ್ದಳು. ಅವನು ಚೀಲ ಹೆಗಲಿಗೇರಿಸಿ ಹೋಗುತ್ತಿದ್ದ. ಇವೋನ್ ಬೆಡ್‌ಪ್ಯಾನ್ ಹಿಡಿದು ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಜೂನ್ ತಿಂಗಳಿಗೆ ಕ್ಲಬ್ಬಿನ ದೊಡ್ಡ ಕೋಣೆ ಬೇಕು, ಮಗನ ಹೈಸ್ಕೂಲು ಮುಗಿದ ಔತಣ ಎಂದು ಜುಲ್ಮೀರಾ ಬೀದಿಗೆಲ್ಲ ಹೇಳಿಯಾಗಿತ್ತು.

ಫೆಬ್ರವರಿಯಲ್ಲಿ ಶಾಲೆಯಿಂದ ಕರೆ ಬಂತು. ತಾಯಿ ಖುದ್ದಾಗಿ ಬರಲೇಬೇಕು ಎಂದರು. ಜುಲ್ಮೀರಾ ಅರ್ಧ ದಿನ ರಜಾ ಹಾಕಿ, ಚರ್ಚಿಗೆ ಹಾಕುವ ಕೋಟು ಹಾಕಿಕೊಂಡು, ಮಗಳನ್ನು ಕರೆದುಕೊಂಡು ಹೋದಳು. ಗ್ವಾಲ್ಟರ್ ಅಷ್ಟು ಹೊತ್ತು ತಾಯಿಯ ಹತ್ತಿರ ಕೂತಿರಲು ಗೊಣಗುತ್ತ ಒಪ್ಪಿದ.

ವೈಸ್ ಪ್ರಿನ್ಸಿಪಾಲ್ ಕಾರ್ಬೆಟ್ ನಯವಾದ ಮನುಷ್ಯ. ಎದ್ದು ನಿಂತು ಕುರ್ಚಿ ತೋರಿಸಿದ. ಅವನು ಇಂಗ್ಲಿಷಿನಲ್ಲಿ ಹೇಳಬೇಕು, ಇವೋನ್ ತಾಯಿಗೆ ನಮ್ಮ ಮಾತಿನಲ್ಲಿ ಹೇಳಬೇಕು.

"ಏನಂತೆ?"

"ನಾನು ತುಂಬ ದಿನ ತಪ್ಪಿಸಿದೀನಂತೆ. ಹೀಗೇ ಆದ್ರೆ ಈ ವರ್ಷ ದಂಡ ಅಂತೆ."

"ಮನೇಲಿ ಕಾಯಿಲೆ ಇದ್ರೆ ಏನ್ಮಾಡೋದು? ನಾವೇನು ಬೀದಿ ಜನಾನಾ? ಹೇಳು ಅವನಿಗೆ. ಇದೇ ಸ್ಕೂಲಲ್ಲಿ ನನ್ ಮಗ ಓದ್ತಿದಾನೆ, ಒಂದು ದಿನ ತಪ್ಪಿಸಿಲ್ಲ, ಜೂನಲ್ಲಿ ಪಾಸಾಗ್ತಾನೆ ಅಂತ ಹೇಳು. ಹೆಸರು ಹೇಳೇ."

ಇವೋನ್ ಹೇಳಿದಳು. ಕಾರ್ಬೆಟ್ ಕಂಪ್ಯೂಟರಿನಲ್ಲಿ ಏನೋ ಒತ್ತಿದ. ಪರದೆ ನೋಡಿದ. ತಾಯಿಯ ಮುಖ ನೋಡಿದ. ಆಮೇಲೆ ತುಂಬ ಮೆತ್ತಗೆ ಎರಡು ಮಾತು ಹೇಳಿದ.

ಇವೋನ್ ಬಗ್ಗಿ ತಾನೂ ಪರದೆ ನೋಡಿದಳು.

"ಏನಂದ?"

"ಡೇಲಿಯೊ ಈ ಸ್ಕೂಲಲ್ಲಿ ಇಲ್ವಂತೆ."

"ಇವತ್ತು ಬಂದಿಲ್ವಾ? ಬೆಳಿಗ್ಗೆ ನಾನೇ ಊಟ ಕಟ್ಟಿಟ್ಟು ಬಂದೆನಲ್ಲ."

"ಇವತ್ತಲ್ಲ ಅಮ್ಮ. ಅಕ್ಟೋಬರಿಂದ ಇಲ್ಲ. ಅವನೇ ಬಂದು ಹೆಸರು ತೆಗೆಸಿ ಹೋಗಿದಾನೆ."

"ಸರಿಯಾಗಿ ಕೇಳು. ನಿಂಗೆ ಇಂಗ್ಲಿಷ್ ಸರಿಯಾಗಿ ಬರಲ್ಲ."

"ನಾನು ಇಲ್ಲೇ ಹುಟ್ಟಿರೋದು ಅಮ್ಮ," ಎಂದಳು ಇವೋನ್. ಅಕ್ಟೋಬರ್ ಎಂದರೆ ಅಜ್ಜಿ ಬೀಳುವುದಕ್ಕೂ ಮೊದಲು. ಅಣ್ಣನ ಓದು ಕೆಡಬಾರದು ಎಂದು ಅವಳನ್ನು ಮನೆಯಲ್ಲಿ ಕೂರಿಸಿದಾಗ ಅಣ್ಣನಿಗೆ ಓದೇ ಇರಲಿಲ್ಲ.

ಜುಲ್ಮೀರಾ ಉಳಿದರ್ಧ ದಿನದ ಕೆಲಸಕ್ಕೂ ಹೋಗಲಿಲ್ಲ. ಮನೆಗೆ ಬಂದು, ಕೋಟು ಬಿಚ್ಚದೆ, ಒಲೆಯ ಮೇಲೆ ಪಾತ್ರೆ ಇಟ್ಟು ಅಡುಗೆಮನೆಯಲ್ಲಿ ಕಾದಳು. ಮೂರು ಗಂಟೆಗೆ ಡೇಲಿಯೊ ಚೀಲ ಇಳಿಸುತ್ತ ಒಳಗೆ ಬಂದ.

"ಇವತ್ತು ಏನು ಪಾಠ ಆಯ್ತು?" ಎಂದು ಕೇಳಿದಳು.

"ಇತಿಹಾಸ."

"ಯಾರ ಇತಿಹಾಸ?"

ಡೇಲಿಯೊ ತಾಯಿಯ ಕೋಟು ನೋಡಿದ. ಪಕ್ಕದಲ್ಲಿ ತಂಗಿಯ ಮೈಮೇಲೂ ಕೋಟಿತ್ತು. ಚೀಲ ನೆಲಕ್ಕೆ ಬಿತ್ತು.

"ಎಲ್ಲಿಗೆ ಹೋಗ್ತೀಯೋ ದಿನಾ? ನಾನು ಕಟ್ಟಿದ ಊಟ ಎಲ್ಲಿ ಕೂತು ತಿಂತೀಯ?"

"ಸೇತುವೆ ಆಚೆ. ಕಾರು ತೊಳೆಯೋ ಜಾಗ ಇದೆಯಲ್ಲ... ಕಾರು ತೊಳೀತೀನಿ."

"ನಾನಿಲ್ಲಿ ಅಜ್ಜೀನ ತೊಳೀತಿದ್ದೆ!" ಎಂದು ಇವೋನ್ ಚೀರಿದಳು. ಕೈಗೆ ಸಿಕ್ಕಿದ್ದು ಬ್ರೆಡ್ಡಿನ ಬುಟ್ಟಿ. ಅದನ್ನೇ ಬೀಸಿ ಒಗೆದಳು. ಅವನ ಕಿವಿಗೆ ಬಡಿಯಿತು. ಅವನು ತಪ್ಪಿಸಿಕೊಳ್ಳಲಿಲ್ಲ.

"ಬಾಯಿ ಬಿಡು. ಯಾಕೆ ಬಿಟ್ಟೆ?" ಎಂದಳು ತಾಯಿ.

"ಎರಡು ವಿಷಯ ಬಾಕಿ ಇದೆ, ಜೂನಲ್ಲಿ ಆಗಲ್ಲ, ಇನ್ನೊಂದು ವರ್ಷ ಕೂರ್ಬೇಕು ಅಂದ ಆ ಕಾರ್ಬೆಟ್. ಹತ್ತೊಂಬತ್ತಾಗತ್ತೆ ನಿಂಗೆ, ಚಿಕ್ಕೋರ ಜೊತೆ ಕೂರೋಕೆ ಮುಜುಗರ ಆಗಲ್ವಾ, ಬೇಕಿದ್ರೆ ನೀನೇ ಬಿಡಬಹುದು ಅಂದ. ಬೈಲಿಲ್ಲ. ಮೆತ್ತಗೆ ಅಂದ. ಪೆನ್ನೂ ಅವನೇ ಕೊಟ್ಟ."

"ನಂಗೆ ಹೇಳೋಕೇನು ರೋಗ?"

"ನೀನು ಔತಣಕ್ಕೆ ಜನ ಕರೀತಿದ್ದೆ!" ಡೇಲಿಯೊ ಮೊದಲ ಸಲ ದನಿ ಏರಿಸಿದ. "ಹಂದಿ ಮಾಂಸ ಎಷ್ಟು ತರಿಸ್ಬೇಕು ಅಂತ ಕೇಳ್ತಿದ್ದೆ! ಏನ್ ಹೇಳ್ಲಿ?"

ಕ್ಲಬ್ಬಿಗೆ ಹೊರಟು ಬಾಗಿಲ ಹತ್ತಿರ ನಿಂತಿದ್ದ ಗ್ವಾಲ್ಟರ್ ಗಂಟಲು ಸರಿಮಾಡಿಕೊಂಡ. "ಹುಡುಗನ್ನ ಯಾಕೆ ತಿಂತೀಯ? ನಂಗೆ ಹೇಳಿದ್ದ. ಕ್ರಿಸ್‌ಮಸ್ ಆದ್ಮೇಲೆ ನಾನೇ ನಿಂಗೆ ಹೇಳೋಣ ಅಂತಿದ್ದೆ."

ಅವಳು ಮಗನನ್ನು ಬಿಟ್ಟು ಗಂಡನ ಕಡೆ ತಿರುಗಿದಳು.

"ನಿಂಗೆ ಗೊತ್ತಿತ್ತು," ಎಂದಳು ಜುಲ್ಮೀರಾ.

"ನಾನು ನಾಲ್ಕನೇ ಕ್ಲಾಸಿಗೆ ಬಿಟ್ಟೋನು. ಮನೆ ನಡೆಸಿಲ್ವಾ? ಅದೇನು ದೊಡ್ಡ ವಿಷ್ಯ?"

"ಗೊತ್ತಿದ್ದೂ ಈ ಹುಡುಗಿ ಮನೇಲಿ ಕೂತಿರೋದನ್ನ ನೋಡ್ತಿದ್ದೆ. ದಿನಾ ಬಂದು ಉಂಡು ಹೋಗ್ತಿದ್ದೆ."

"ಕೂರಿಸಿದ್ದು ನೀನು. ನಾನಲ್ಲ."

ಅದು ನಿಜ. ನಿಜವಾದ್ದರಿಂದಲೇ ಜುಲ್ಮೀರಾ ಒಲೆಯ ಮೇಲಿದ್ದ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ಸಿಂಕಿಗೆ ಬೋರಲು ಹಾಕಿದಳು. "ಇವತ್ತು ಈ ಮನೇಲಿ ಯಾರಿಗೂ ಊಟ ಇಲ್ಲ."

"ವವೊಗೂ ಇಲ್ವಾ?" ಎಂದು ಒಳಗಿನಿಂದ ದನಿ ಬಂತು.

ಮಾರನೆಯ ಬೆಳಿಗ್ಗೆ ಜುಲ್ಮೀರಾ ತೀರ್ಪು ಕೊಟ್ಟು ಹೋದಳು. ಓದು ಇಲ್ಲದವನು ಮನೆಯಲ್ಲಿರಲಿ. ಇವೋನ್ ಶಾಲೆಗೆ ಹೋಗಲಿ. ಇವೋನ್ ತಿಂಗಳುಗಳ ಮೇಲೆ ಬೂಟು ಹಾಕಿಕೊಂಡು ಬೀದಿಗಿಳಿದಳು. ಅಲ್ಲಿ ಯಾವ ಪಾಠ ಎಲ್ಲಿಗೆ ಬಂದಿದೆಯೋ ಅವಳಿಗೆ ತಲೆಬುಡ ಗೊತ್ತಾಗಲಿಲ್ಲ. ಗೆಳತಿಯರು ಜ್ವರ ಬಿಡ್ತಾ ಎಂದು ಕೇಳಿ ನಕ್ಕರು.

ಮನೆಯಲ್ಲಿ ಡೇಲಿಯೊ ಒದ್ದೆ ಬಟ್ಟೆ ಹಿಡಿದು ಅಜ್ಜಿಯ ಮಂಚದ ಹತ್ತಿರ ನಿಂತ.

"ಮುಟ್ಟಬೇಡ! ಗಂಡು ಹುಡುಗ ನನ್ನ ಬಟ್ಟೆ ಬಿಚ್ಚೋದಾ? ಆ ಹುಡುಗಿ ಎಲ್ಲಿ?"

"ಸ್ಕೂಲಿಗೆ ಹೋದ್ಲು."

"ಕರ್ಕೊಂಡು ಬಾ."

"ವವೊ, ಒಂದ್ನಿಮಿಷ ಸುಮ್ನಿರು, ಕಣ್ಣು ಮುಚ್ಕೋತೀನಿ..."

"ಕಣ್ಣು ಮುಚ್ಕೊಂಡು ಎಲ್ಲಿ ಒರೆಸ್ತೀಯೋ ನಾಯಿ!"

ಅವನು ಮೂರು ದಿನ ತಡೆದ. ನಾಲ್ಕನೆಯ ದಿನ ಸೋದರಸಂಬಂಧಿ ಲಿಬೇರಿಯೊನ ದೋಣಿ ಚಿಪ್ಪುಮೀನು ಹಿಡಿಯಲು ಹೊರಟಿತ್ತು. ಬೆಳಕು ಹರಿಯುವಷ್ಟರಲ್ಲಿ ಹತ್ತಿಕೊಂಡು ಹೋಗಿಬಿಟ್ಟ. ಅಂಥ ದೋಣಿ ಒಮ್ಮೆ ಹೋದರೆ ಹತ್ತು ಹನ್ನೆರಡು ದಿನ ದಡ ಕಾಣುವುದಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಅವನ ಶಾಲೆಯ ಚೀಲ ಖಾಲಿ ಬಿದ್ದಿತ್ತು.

ಜುಲ್ಮೀರಾ ಆಗಲೇ ಕಾರ್ಖಾನೆಯಲ್ಲಿದ್ದಳು. ಬಂದರಿನಲ್ಲೇ ಸುದ್ದಿ ತಿಳಿದು ಅಲ್ಲಿಂದ ಫೋನು ಮಾಡಿದಳು. "ಈಸ್ಟರ್ ತನಕ ಕಣೇ ಇವೋನ್. ನಿನ್ ಕಾಲು ಹಿಡೀತೀನಿ."

"ಹಿಡಿ. ಆದ್ರೂ ಇಲ್ಲ."

"ಒಬ್ಬಳನ್ನೇ ಬಿಟ್ಟು ಹೋಗ್ತೀಯಾ? ಮುದುಕಿ ಸತ್ರೆ?"

"ಒಬ್ಬಳನ್ನೇ ಯಾಕೆ? ಅಪ್ಪ ಇಲ್ವಾ?" ಎಂದು ಫೋನು ಇಟ್ಟಳು.

ಗ್ವಾಲ್ಟರ್ ಕಾಫಿ ಬಟ್ಟಲು ಹಿಡಿದು ಅಲ್ಲೇ ನಿಂತಿದ್ದ. "ನಾನಾ? ನಂಗೆ ಕೆಲ್ಸ ಇದೆ."

"ಏನ್ ಕೆಲ್ಸ? ಕಳಾವರ್ ರಾಣಿ ಹೊಡೆಯೋದಾ? ಡಿಸೆಂಬರಿಂದ ನೀವು ಒಂದು ಇಟ್ಟಿಗೆ ಇಟ್ಟಿಲ್ಲ. ನಾನು ಅವಳ ಕಕ್ಕಸು ತೆಗೆಯೋವಾಗ ನೀವು ಪಕ್ಕದ ರೂಮಲ್ಲಿ ಗಡ್ಡ ಹೆರೀತಿದ್ರಿ. ನಿಮ್ಮಮ್ಮ ಅವಳು. ನಿಮ್ಮನ್ನ ಹೆತ್ತಿದ್ದು, ನನ್ನಲ್ಲ."

ಗ್ವಾಲ್ಟರ್ ಹೊಡೆದ. ಪೂರ್ತಿ ಕೈ ಬೀಸಿ ಕೆನ್ನೆಗೆ ಹೊಡೆದ. ಇವೋನ್ ಗೋಡೆಗೆ ತಾಗಿ ನಿಂತಳು, ಕೆಳಗೆ ಬಿದ್ದ ಟೋಪಿ ಎತ್ತಿಕೊಂಡಳು, ಬಾಗಿಲು ತೆರೆದು ಹೊರಟಳು. ಬಾಗಿಲು ಮುಚ್ಚಲೂ ಇಲ್ಲ. ಚಳಿಗಾಳಿ ಮನೆಯೊಳಗೆಲ್ಲ ನುಗ್ಗಿತು.

ಅವನು ಹಟಕ್ಕೆ ಕ್ಲಬ್ಬಿಗೆ ಹೋದ. ಎರಡು ಆಟ ಆಡಿ ಬರೋಣ ಎಂದುಕೊಂಡವನು ಊಟದ ಹೊತ್ತಿಗೆ ಬಂದ. ಮೇಲಿನ ಮಹಡಿಯ ಬಾಡಿಗೆಯವಳು ಮುಂದಿನ ಕೋಣೆಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಡಿಯೊಲಿಂಡಾ ಒದ್ದೆ ಹಾಸಿಗೆಯಲ್ಲಿ ಕೂಗಿ ಕೂಗಿ ದನಿ ಕಳೆದುಕೊಂಡಿದ್ದಳು.

"ನಿನ್ನಮ್ಮ ಕಣಯ್ಯಾ, ನನ್ನಮ್ಮನಲ್ಲ," ಎಂದು ಮೇಲಿನವಳು ಹಾಸಿಗೆ ಬಟ್ಟೆ ಅವನ ಎದೆಗೆ ಒತ್ತಿ ಮೆಟ್ಟಿಲು ಹತ್ತಿದಳು.

ಆ ದಿನ ಗ್ವಾಲ್ಟರ್ ತಾಯಿಯ ಮೈ ಒರೆಸಿದ. ಇಬ್ಬರೂ ಮುಖ ಆ ಕಡೆ ಈ ಕಡೆ ತಿರುಗಿಸಿಕೊಂಡಿದ್ದರು. "ನೀರು ತಣ್ಣಗಿದೆ," ಎಂದಷ್ಟೇ ಅವಳು ಹೇಳಿದಳು. ಮಗನಿಗೆ ಬೈಯಲಿಲ್ಲ. ಬೈಗುಳವನ್ನೆಲ್ಲ ಸಂಜೆ ಇವೋನ್ ಬರುವವರೆಗೂ ಕೂಡಿಟ್ಟುಕೊಂಡಳು.

ಮಾರ್ಚಿನಲ್ಲಿ ಕಾರ್ಬೆಟ್ ತಂದೆ ತಾಯಿ ಇಬ್ಬರನ್ನೂ ಕರೆಸಿದ. ಗ್ವಾಲ್ಟರ್ ಈ ಸಲ ಯಾರೂ ಒತ್ತಾಯಿಸದೆಯೇ ಹೊರಟ. ಬೆಳಗಿನ ಸೇವೆ ಅವನಿಗೆ ಸಾಕಾಗಿತ್ತು. ಹುಡುಗಿ ಮನೆಗೆ ಬಂದರೆ ಸಾಕು ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದ. ಗಂಡನ ಜೊತೆ ಜುಲ್ಮೀರಾ ಮಾತು ಬಿಟ್ಟು ವಾರಗಳಾಗಿದ್ದವು. ಊಟ ಬಡಿಸುವಾಗಲೂ ತಟ್ಟೆ ಮಾತ್ರ ಸದ್ದು ಮಾಡುತ್ತಿತ್ತು.

ಕಾರ್ಬೆಟ್ ಮುಗುಳ್ನಗುತ್ತ ಕೈ ಕುಲುಕಿದ. ಒಂದು ಹಾಳೆಯನ್ನು ಮೇಜಿನ ಮೇಲೆ ಅವರ ಕಡೆಗೆ ತಿರುಗಿಸಿಟ್ಟ. ಇವೋನ್ ಹೇಳುತ್ತ ಹೋದಳು.

"ನಾನು ಒಳ್ಳೆ ಹುಡುಗಿಯಂತೆ. ಆದ್ರೆ ಈ ವರ್ಷ ಕೈ ತಪ್ಪಿದೆಯಂತೆ. ನನ್ ಜೊತೆಯೋರ ಜೊತೆ ಮುಗಿಸೋಕೆ ಆಗಲ್ವಂತೆ. ಊರಲ್ಲಿ ಸಂಜೆ ಶಾಲೆ ಒಂದಿದೆ, ವಾರಕ್ಕೆ ಎರಡು ದಿನ ಹೋದ್ರೆ ಸಾಕು, ಮನೆ ಕೆಲ್ಸಾನೂ ನೋಡ್ಕೋಬಹುದು, ಎಲ್ಲರಿಗೂ ಅನುಕೂಲ ಅಂತೆ. ಇಲ್ಲಿ ಸಹಿ ಮಾಡಿದ್ರೆ ಆಯ್ತಂತೆ."

"ಬುದ್ಧಿವಂತ," ಎಂದ ಗ್ವಾಲ್ಟರ್. "ಎಲ್ಲಿ ಮಾಡ್ಬೇಕು?" ಪೆನ್ನು ಕಾರ್ಬೆಟ್ಟೇ ಕೊಟ್ಟ.

ಇವೋನ್ ಕಾರ್ಬೆಟ್ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದಳು. "ಅಲ್ಲಿಗೆ ಹೋದ್ರೆ ನಾನು ಯಾರ ಲೆಕ್ಕಕ್ಕೆ ಸೇರ್ತೀನಿ? ನಿಮ್ಮ ಶಾಲೆ ಲೆಕ್ಕಕ್ಕಾ, ಅವರ ಲೆಕ್ಕಕ್ಕಾ?"

ಅವನ ನಗೆ ಸ್ವಲ್ಪ ಹೊತ್ತು ಅಲ್ಲೇ ನಿಂತಿತು. "ಇದು ಲೆಕ್ಕದ ಮಾತಲ್ಲ ಇವೋನ್. ನಿನ್ನ ಒಳ್ಳೆಯದಕ್ಕೆ ಹೇಳ್ತಿರೋದು."

"ಏನು ಕೇಳಿದೆ? ಏನಂದ?" ಎಂದಳು ಜುಲ್ಮೀರಾ.

"ನನ್ನ ಒಳ್ಳೆಯದಕ್ಕಂತೆ." ಇವೋನ್ ತಾಯಿಯ ಕಡೆ ನೋಡದೆ ಹೇಳಿದಳು. "ನವೆಂಬರಲ್ಲಿ ನೀನು ಹೇಳಿದ್ದನ್ನೇ ಇವನೂ ಹೇಳ್ತಿದಾನಮ್ಮ. ಮನೇಲಿರು ಅಂತ."

ಜುಲ್ಮೀರಾ ಕೆಂಪಾದಳು. ಎಲ್ಲರ ಮುಂದೆ ಮಗಳ ಕೆನ್ನೆಗೆ ಹೊಡೆಯುತ್ತಾಳೇನೋ ಎನ್ನುವಂತೆ ಕೈ ಎತ್ತಿದವಳು ಅದನ್ನು ಹಾಳೆಯ ಮೇಲೆ ಇಟ್ಟಳು. ಮೀನಿನ ಮುಳ್ಳು ಚುಚ್ಚಿ ಚುಚ್ಚಿ ಗಾಯವಾಗಿದ್ದ ಅಂಗೈ ಸಹಿಯ ಜಾಗವನ್ನು ಪೂರ್ತಿ ಮುಚ್ಚಿತು.

"ನಾನು ಕಿರುಚಿ ಹೇಳಿದ್ದೆ. ನಂಗೆ ದಾರಿ ಇರ್ಲಿಲ್ಲ, ಕಿರುಚಿದೆ. ಇವನು ನಗ್ತಾ ಹೇಳ್ತಾನೆ. ನನ್ನ ಮಗನಿಗೂ ಹೀಗೇ ನಗ್ತಾ ಹೇಳಿದ್ನಾ? ಕೇಳು."

ಇವೋನ್ ಕೇಳಿದಳು. ಆ ಹುಡುಗ ವಯಸ್ಕ, ಅವನ ವಿಷಯ ಮಾತಾಡುವಂತಿಲ್ಲ ಎಂದ ಕಾರ್ಬೆಟ್.

"ಏನಂತೆ?"

"ಹೇಳೋ ಹಂಗಿಲ್ವಂತೆ."

"ಹೂಂ." ಜುಲ್ಮೀರಾ ಗಂಡನಿಗೆ ಆ ವಾರಗಳಲ್ಲಿ ಮೊದಲ ಮಾತು ಆಡಿದಳು. "ಪೆನ್ನು ಇಡು."

"ಹುಚ್ಚಾ ನಿಂಗೆ? ಮನೇಲಿ ಬೆಳಿಗ್ಗೆ ಯಾರಿರ್ತಾರೆ?"

"ಅದನ್ನ ಮನೇಲಿ ಕೂತು ಜಗಳ ಆಡೋಣ. ಇವನ ಮುಂದೆ ಬೇಡ. ಇಡು ಅಂದೆ."

ಗ್ವಾಲ್ಟರ್ ಪೆನ್ನು ಇಟ್ಟ. ಜುಲ್ಮೀರಾ ಹಾಳೆಯನ್ನು ಕಾರ್ಬೆಟ್ ಕಡೆಗೆ ನೂಕಿದಳು. ಇಪ್ಪತ್ತು ವರ್ಷ ಈ ಊರಲ್ಲಿದ್ದು ತನಗೆ ಬರುತ್ತಿದ್ದಷ್ಟು ಇಂಗ್ಲಿಷಿನಲ್ಲಿ ತಾನೇ ಹೇಳಿದಳು. "ನೋ ಸೈನ್. ಷಿ ಕಮ್. ಎವ್ರಿ ಡೇ ಷಿ ಕಮ್."

ಹೊರಗೆ ಮಂಜು ಕರಗಿ ಕೆಸರಾಗಿತ್ತು. ಮೂವರೂ ಬೇರೆ ಬೇರೆ ನಡೆದರು.

"ನನ್ನ ಸೋಲಿಸಿದೆ ಅಂದ್ಕೋಬೇಡ. ಸಂಜೆ ಪಾತ್ರೆ, ಬಟ್ಟೆ ನಿಂದೇ," ಎಂದಳು ಜುಲ್ಮೀರಾ.

"ಅರ್ಧ ನಂದು."

"ಬಾಯಿ ನೋಡು."

ಗ್ವಾಲ್ಟರ್ ಮೂಲೆಯಲ್ಲಿ ಬಲಕ್ಕೆ, ಕ್ಲಬ್ಬಿನ ಕಡೆ ತಿರುಗಿದ. ಜುಲ್ಮೀರಾ ಬೀದಿಗೆ ಕೇಳುವಂತೆ ಕೂಗಿದಳು. "ಎಲ್ಲಿಗೆ? ನಿಮ್ಮಮ್ಮ ಮೇಲಿನ ಮನೆಯವಳ ಹತ್ರ ಇದಾಳೆ! ಮನೆ ಈ ಕಡೆ!"

ಅವನು ನಿಂತ. ಉಗಿದ. ತಿರುಗಿ ಬಂದ.

ಏಪ್ರಿಲಿನಲ್ಲಿ ಗಾರೆ ಕೆಲಸ ಶುರುವಾದಾಗ ಬೆಳಿಗ್ಗೆ ಅತ್ತೆಯ ಹತ್ತಿರ ತಾನಿರಲೆಂದು ಜುಲ್ಮೀರಾ ಸಂಜೆ ಪಾಳಿಗೆ ಬದಲಿಸಿಕೊಂಡಳು. ಅದರಿಂದ ಗಂಡ ಹೆಂಡಿರು ಒಬ್ಬರ ಮುಖ ಒಬ್ಬರು ನೋಡುವುದೇ ಅಪರೂಪವಾಯಿತು. ಅದು ಇಬ್ಬರಿಗೂ ಒಳ್ಳೆಯದೇ ಆಯಿತು ಎಂದು ನಮ್ಮ ಬೀದಿಯವರು ಹೇಳುತ್ತಿದ್ದರು. ಇವೋನ್ ಆ ವರ್ಷ ಫೇಲಾದಳು. ಶರತ್ಕಾಲದಲ್ಲಿ ತನಗಿಂತ ಚಿಕ್ಕವರ ಜೊತೆ ಅದೇ ತರಗತಿಯಲ್ಲಿ ಮತ್ತೆ ಕೂತಳು. ಮುಜುಗರವಾಯಿತು. ಕೂತಳು. ಡೇಲಿಯೊ ದೋಣಿಯಿಂದ ಬಂದಾಗ ಎರಡು ದಿನ ಮಲಗಿ, ತಿಂದು, ಮತ್ತೆ ಹೋಗುತ್ತಿದ್ದ. ಅಣ್ಣ ತಂಗಿ ಮಾತಾಡುತ್ತಿರಲಿಲ್ಲ. ಅವನು ಅಡುಗೆಮನೆಗೆ ಬಂದರೆ ಅವಳು ತಟ್ಟೆ ಎತ್ತಿಕೊಂಡು ಮಹಡಿ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಮುದುಕಿ ಎರಡನೇ ಚಳಿಗಾಲದಲ್ಲಿ, ಮಗನ ಕೈ ಹಿಡಿದು, ಪಾದ್ರಿಗೆ ಬೈಯುತ್ತ ತೀರಿಕೊಂಡಳು.

ಜೊತೆಯವರು ಮುಗಿಸಿ ಹೋದ ಒಂದು ವರ್ಷಕ್ಕೆ ಇವೋನ್ ಹೈಸ್ಕೂಲು ಮುಗಿಸಿದಳು. ನಾಲ್ಕು ವರ್ಷ ದಾಟಿದ್ದರಿಂದ ಪೇಪರಿನ ಲೆಕ್ಕದಲ್ಲಿ ಅವಳು ಮುಗಿಸದವಳೇ. ಸರ್ಟಿಫಿಕೇಟು ಕೊಡುವ ದಿನ ಫುಟ್ಬಾಲ್ ಮೈದಾನದಲ್ಲಿ ಕುರ್ಚಿ ಹಾಕಿದ್ದರು, ಬಿಸಿಲಿತ್ತು. ಹೆಸರು ಕರೆದಾಗ ಜುಲ್ಮೀರಾ ಚಪ್ಪಾಳೆ ಹೊಡೆಯಲಿಲ್ಲ. ಎದ್ದು ನಿಂತಳು ಅಷ್ಟೇ. ಹಿಂದಿನ ಸಾಲಿನವರು ಕೂರಿ ಎಂದರೂ ಕೂರಲಿಲ್ಲ. ಗ್ವಾಲ್ಟರ್ ಪಕ್ಕದಲ್ಲಿ ಟೈ ಸಡಿಲಿಸುತ್ತ ಬೆವರುತ್ತಿದ್ದ.

ಎಲ್ಲ ಮುಗಿದ ಮೇಲೆ ಬೇಲಿಯ ಆಚೆ, ರಸ್ತೆಯ ಅಂಚಿನಲ್ಲಿ ಡೇಲಿಯೊನ ಪಿಕಪ್ ನಿಂತಿರುವುದು ಇವೋನ್‌ಗೆ ಕಂಡಿತು. ಅವನು ಒಳಗೇ ಕೂತಿದ್ದ. ಅಂದು ಬೆಳಿಗ್ಗೆ ದಡಕ್ಕೆ ಬಂದಿರಬೇಕು, ಗಡ್ಡ ಬೆಳೆದಿತ್ತು. ಅವಳು ಬೇಲಿ ಸುತ್ತಿಕೊಂಡು ಹೋಗಿ ಕಿಟಕಿಯ ಹತ್ತಿರ ನಿಂತಳು.

"ಒಳಗೆ ಯಾಕೆ ಬರ್ಲಿಲ್ಲ?"

"ಬೂಟು ಗಲೀಜಾಗಿದೆ."

"ಸುಳ್ಳು."

ಅವನು ಸ್ಟೀರಿಂಗ್ ಮೇಲೆ ಬೆರಳಾಡಿಸಿದ. "ಆ ಕಾರ್ಬೆಟ್ ಗೇಟಲ್ಲಿ ನಿಂತು ಎಲ್ಲರ ಕೈ ಕುಲುಕ್ತಿದ್ದ. ನನ್ ಗುರುತು ಹತ್ತಲ್ಲ ಅವನಿಗೆ. ನಂಗೂ ಅಭಿನಂದನೆ ಅಂತಿದ್ದ. ನಾನು ಹೊಡೆದುಬಿಡ್ತಿದ್ದೆ."

"ನನ್ ಕೈನೂ ಕುಲುಕಿದ. ಹೆಸರು ತಪ್ಪು ಹೇಳಿದ."

ಡೇಲಿಯೊಗೆ ನಗು ಬಂತು. ತಂಗಿ ನಗುತ್ತಿಲ್ಲವೆಂದು ಕಂಡು ನುಂಗಿಕೊಂಡ.

"ಒಂದು ಮಾತು ಹೇಳಬಹುದಿತ್ತು ನೀನು," ಎಂದಳು ಇವೋನ್. "ಆ ಸಂಜೆ, ಸೂಪಿನ ಮುಂದೆ ಕೂತಾಗ. ನಾನು ಸ್ಕೂಲ್ ಬಿಟ್ಟಿದೀನಿ ಅಂತ ಒಂದೇ ಮಾತು. ನನ್ನದು ಒಂದು ವರ್ಷ ತಿಂದೆ."

"ಗೊತ್ತು."

"ಗೊತ್ತು ಅಂದ್ರೆ ಆಯ್ತಾ?"

"ಇಲ್ಲ." ಅವನು ಮುಂದಿನ ಗಾಜನ್ನೇ ನೋಡುತ್ತಿದ್ದ. "ಕೋಪ ಹೋಗಿಲ್ವಾ ಇನ್ನೂ?"

"ಇಲ್ಲ."

"ಹೋಗತ್ತಾ?"

"ಗೊತ್ತಿಲ್ಲ," ಎಂದಳು. ಮೈದಾನದ ಕಡೆಯಿಂದ ಅಮ್ಮ ಅಪ್ಪ ಜಗಳವಾಡುತ್ತ ಬರುವುದು ಕೇಳಿಸುತ್ತಿತ್ತು. ಇವೋನ್ ಸಮಾರಂಭದ ಉದ್ದನೆಯ ನೀಲಿ ಗೌನನ್ನು ಮಂಡಿಯವರೆಗೆ ಎತ್ತಿ ಹಿಡಿದು, ಇನ್ನೊಂದು ಕಡೆಗೆ ಬಂದು ಬಾಗಿಲು ಎಳೆದಳು. "ಈ ಹಾಳು ಹಗ್ಗ, ಬಕೆಟ್ಟು ಎಲ್ಲ ಹಿಂದಕ್ಕೆ ಎಸಿ. ಕೂರೋಕೆ ಜಾಗ ಬೇಡ್ವಾ?"